ಸರೋವರಕ್ಕೆ ಬಂದ ಕಡಲಹಕ್ಕಿ

ಉತ್ತರ ಅಮೆರಿಕದ ಒಂಟೇರಿಯೊ ಸಿಹಿನೀರಿನ ಸರೋವರ. ಆದರೂ ಶರತ್ಕಾಲದಲ್ಲಿ ಮೂಡಣ ಗಾಳಿ ಬಲವಾದೊಡನೆ ಅದರ ಪಡುವಣ ತುದಿಯಲ್ಲಿ, ಉತ್ತರಧ್ರುವದೆಡೆ ಅದೇ ವರ್ಷ ಹುಟ್ಟಿದ ಸ್ಕೂವಾ ಎಂಬ ಕಡಲಹಕ್ಕಿಗಳು ಕಾಣಬರುವುವು. ಅನ್ಯ ಹಕ್ಕಿಗಳನ್ನಟ್ಟಿ ಅವುಗಳ ಬಾಯ ಮೀನನ್ನು ಕಸಿಯುವ ಈ ಕಳ್ಳನನ್ನು ಗುರುತಿಸುವುದು ಸುಲಭ. ಕುಲವನ್ನು ಹೇಳುವುದೇ ಕಷ್ಟ. ಬೆಳೆದವುಗಳಿಗಿರುವಂತೆ ನೀಳವಾದ ನಡುಬಾಲದ ಗರಿಗಳು ಎಳೆಯವಕ್ಕಿಲ್ಲ. ಬಣ್ಣವೋ ಒಂದೊಂದಕ್ಕೂ ಬೇರೆ. ಮೂರು ಜಾತಿಗಳಲ್ಲಿ ಪೊಮರೈನ್ ಎಂಬುದು ಸಾಮಾನ್ಯವಾಗಿ ಸ್ಥೂಲಕಾಯದಿಂದಲೇ ತಿಳಿಯುವುದು. ಉಳಿದೆರಡರಲ್ಲಿ ನಡುಬಾಲದ ಗರಿಗಳ ತುದಿ ಚೂಪಾಗಿದ್ದರೆ ಪ್ಯಾರಾಸಿಟಿಕ್, ಮೊಂಡಾಗಿದ್ದರೆ ನೀಳಬಾಲದ್ದು. ಇದರ ರೆಕ್ಕೆಯ ಮೇಲ್ಮೈಯಲ್ಲಿ ಹೊರಗಿನ 2-3 ಗರಿಗಳ ದಂಟು ಮಾತ್ರ ಬೆಳ್ಳಗಿರುವುದು. ಅಲೆಗಳಾಚೆ ಸುಳಿದುಹೋದ ಹಕ್ಕಿಯಲ್ಲಿ ಇದಾವುದೂ ಕಾಣಲಿಲ್ಲವೆನ್ನಿ. ಊಹೆಯ ಹೆಸರು ಮುಂದಿನವರ ಲೆಕ್ಕವನ್ನು ಕೆಡಿಸುವುದು. ನಾವಾದರೆ ‘ಎಳೆಯ ಸ್ಕೂವಾ, ಜಾತಿ ತಿಳಿಯದು’ ಎಂದಷ್ಟೇ ಬರೆದಿಡುವೆವು.