ಪ್ರದರ್ಶನಕ್ಕೆ ಬೇಕು, ಪಾಠಕ್ಕೆ ಬೇಡವೇ?

ಮಂಡ್ಯವಿರಲಿ, ಮದ್ದೂರಿರಲಿ, ಮಳವಳ್ಳಿಯಿರಲಿ, ಶಾಲಾ ವಾರ್ಷಿಕೋತ್ಸವ ಬಂತೆಂದರೆ ನಾವು ಪೋಷಕರು ಧಾರಾಳಿಗಳಾಗುತ್ತೇವೆ. ಬಾಡಿಗೆ ಉಡುಪು, ಬಣ್ಣ, ಸಿನಿಮಾ ಹಾಡು ಎಲ್ಲಕ್ಕೂ ಹಣ ತೆರುತ್ತೇವೆ. ಅದೇ ಮಗು ಮರುದಿನ ತರಗತಿಯಲ್ಲಿ ಹೆಜ್ಜೆ ಹಾಕುತ್ತಾ ಮಗ್ಗಿ ಹೇಳಿದರೆ, ‘ಶಾಲೆಗೆ ಕಳಿಸಿದ್ದು ಕಲಿಯಲಿಕ್ಕೋ, ಕುಣಿಯಲಿಕ್ಕೋ?’ ಎಂದು ಮೇಷ್ಟ್ರ ಮೇಲೆ ಎರಗುತ್ತೇವೆ.

ಈ ಪ್ರಶ್ನೆಗೆ ನೆರೆಯ ಮೈಸೂರು ಜಿಲ್ಲೆ 1995ರಲ್ಲೇ ಉತ್ತರ ಕೊಟ್ಟಿತ್ತು. ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದ ಎಚ್.ಡಿ. ಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಆರಂಭಿಸಿದರು. ಹಾಡಿ, ಆಡಿ, ಕಾರ್ಡು ಹಿಡಿದು, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕೆಯ ಏಣಿ ಹತ್ತುವ ಕ್ರಮವದು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ದೊಡ್ಡ ತರಗತಿಗೆ ಬಂದೊಡನೆ ಮಾತ್ರ ಮಕ್ಕಳಿಗೆ ‘ಕೈಕಟ್, ಬಾಯ್ಮುಚ್’ ಗತಿ. ಕಲೆಯನ್ನು ಪಾಠದೊಳಗೆ ಬೆರೆಸಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದರೂ ಬೆರೆಸುವವರಾರು?

ಸಾಮಗ್ರಿಗೆ ನಮ್ಮಲ್ಲಿ ಬರವಿಲ್ಲ. ಕೋಲಾಟಕ್ಕೆ ನಿಂತ ಎಂಟು ಮಕ್ಕಳು ಇಬ್ಬಿಬ್ಬರಾದರೆ ನಾಲ್ಕು ಜೊತೆ, ನಾಲ್ವರಾದರೆ ಎರಡು ಗುಂಪು; ಭಾಗಾಕಾರ ಕಣ್ಣೆದುರೇ ಇದೆ. ತಲೆಯ ಮೇಲೆ ಎತ್ತರದ ಬಿದಿರಿನ ಚೌಕಟ್ಟು ಹೊತ್ತು, ಬೀಳದಂತೆ ಕುಣಿಯುವ ಪೂಜಾ ಕುಣಿತದವನಿಗಿಂತ ಗುರುತ್ವ ಕೇಂದ್ರವನ್ನು ಚೆನ್ನಾಗಿ ತೋರಿಸುವವರುಂಟೇ? ಒಬ್ಬಳು ಸೂರ್ಯನಾಗಿ ನಿಂತು, ಇನ್ನೊಬ್ಬಳು ತನ್ನ ಸುತ್ತಲೂ ತಿರುಗುತ್ತಾ ಅವಳನ್ನೂ ಸುತ್ತಿದರೆ ದಿನ ಯಾವುದು, ವರ್ಷ ಯಾವುದು ಎಂಬ ಗೊಂದಲವೇ ಉಳಿಯದು.

‘ಕುಣಿತ ನಮಗೆ ಸಲ್ಲದು’ ಎಂದು ನಮ್ಮವರಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. ಇಲ್ಲಿ ಯಾರೂ ಸಿನಿಮಾ ಹೆಜ್ಜೆ ಕೇಳುತ್ತಿಲ್ಲ. ಉರ್ದು ಶಾಲೆಯಲ್ಲಿ ನಾವು ಪಹಾಡೆ ಕಲಿತದ್ದು ಮೈ ತೂಗುತ್ತಲೇ. ಮದರಸಾದ ಮಗು ಹಿಂದೆ ಮುಂದೆ ತೂಗುತ್ತಾ ಕುರ್‌ಆನ್ ಕಂಠಪಾಠ ಮಾಡುವುದನ್ನು ಕಂಡವರಿಗೆ, ನೆನಪಿಗೆ ದೇಹ ಆಸರೆಯೆಂದು ಬೇರೆ ಹೇಳಬೇಕೇ? ಆದರೆ ತೂಗಾಟದಿಂದ ಬರುವುದು ಬಾಯಿಪಾಠ ಮಾತ್ರ. ಅರ್ಥವೂ ಬರಬೇಕಾದರೆ ಚಲನೆಯೊಳಗೇ ಪಾಠವಿರಬೇಕು. ಅದಕ್ಕೆ ಪಳಗಿದ ಶಿಕ್ಷಕರು ಬೇಕು, ಕೊಠಡಿಯಲ್ಲಿ ಜಾಗ ಬೇಕು, ‘ಪಠ್ಯ ಮುಗಿಯಿತೇ?’ ಎಂದಷ್ಟೇ ಕೇಳದ ಅಧಿಕಾರಿಗಳೂ ಬೇಕು.

ನಮ್ಮಿಂದಲೇ ಶುರುವಾಗಲಿ. ಮುಂದಿನ ಪೋಷಕರ ಸಭೆಯಲ್ಲಿ ‘ನಮ್ಮ ಮಗು ಯಾವ ಹಾಡಿಗೆ ಕುಣಿಯುತ್ತದೆ?’ ಎನ್ನುವ ಬದಲು ‘ಯಾವ ಪಾಠಕ್ಕೆ ಕುಣಿಯಿತು?’ ಎಂದು ಕೇಳೋಣ.