ಹೆಪ್ಪಿಗೂ ಒಬ್ಬ ಹಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ಜೋಳದ ರೊಟ್ಟಿಯೊಡನೆ ಗಟ್ಟಿ ಮೊಸರಿದ್ದರೇನೇ ಊಟಕ್ಕೆ ಕಳೆ. ಆ ಸೀಮೆಯ ಬೇಸಗೆಯಲ್ಲಿ ಸಂಜೆ ಹೆಪ್ಪು ಹಾಕಿದ ಹಾಲು ಬೆಳಗಾಗುವುದರೊಳಗೆ ಹುಳಿಯೇರಿರುತ್ತದೆ. ಆದರೂ ಒಮ್ಮೊಮ್ಮೆ ಹಾಲು ಹಾಲಾಗಿಯೇ ಉಳಿಯುವುದುಂಟು. ಆಗ ಅಪವಾದವೆಲ್ಲ ಗೃಹಿಣಿಯ ಪಾಲಿಗೆ! ಆಕೆಯಾದರೋ ಸದ್ದಿಲ್ಲದೆ ನೆರೆಮನೆಯಿಂದ ಹೊಸ ಹೆಪ್ಪು ತರಿಸುತ್ತಾಳೆ. ಈ ರೂಢಿಯಲ್ಲಿ ಅಡಗಿರುವ ವಿವೇಕವನ್ನು ವಿಜ್ಞಾನವು ಬಹು ತಡವಾಗಿ ಅರಿತುಕೊಂಡಿತು.

ಹೆಪ್ಪೆಂಬುದು ಜೀವಂತ ಬ್ಯಾಕ್ಟೀರಿಯಾಗಳ ಒಂದು ದೊಡ್ಡ ಸಂಸಾರ. ಅವು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಈ ಬ್ಯಾಕ್ಟೀರಿಯಾಗಳನ್ನೂ ಕಾಡುವ ವೈರಸ್ಸುಗಳಿವೆ. ಅವುಗಳ ಹೆಸರು ಬ್ಯಾಕ್ಟೀರಿಯೋಫೇಜ್. ಮಸ್ಕಿಯ ಅಶೋಕ ಶಾಸನವು ಬೆಳಕಿಗೆ ಬಂದ 1915ರಲ್ಲಿಯೇ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಇಂಥ ವೈರಸ್ಸಿನ ಸುಳಿವನ್ನು ಮೊದಲು ಪ್ರಕಟಿಸಿದನು. ಬ್ಯಾಕ್ಟೀರಿಯದ ಒಡಲನ್ನು ಹೊಕ್ಕ ಒಂದೇ ವೈರಸ್ಸು ಗಂಟೆಯೊಳಗಾಗಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕು ಮರಿಗಳಾಗಿ, ಆ ಒಡಲನ್ನು ಒಡೆದುಕೊಂಡು ಹೊರಬರುತ್ತದೆ. ಮನುಷ್ಯನಿಗೆ ಮಾತ್ರ ಇದರಿಂದ ಬಾಧೆಯಿಲ್ಲ.

ಚೀಸ್ ಕಾರ್ಖಾನೆಗಳಲ್ಲಿ ಹಾಲು ಹುಳಿಯದೆ ನಷ್ಟವಾಗುತ್ತಿದ್ದುದಕ್ಕೆ ಈ ವೈರಸ್ಸೇ ಕಾರಣವೆಂದು ನ್ಯೂಜಿಲೆಂಡಿನ ವೈಟ್‌ಹೆಡ್ ಮತ್ತು ಕಾಕ್ಸ್ 1935ರಲ್ಲಿ ತೋರಿಸಿಕೊಟ್ಟರು. ಒಂದೇ ತಳಿಯ ಹೆಪ್ಪನ್ನು ದಿನವೂ ಬಳಸಿದರೆ, ಅದಕ್ಕೆ ಒಗ್ಗಿದ ವೈರಸ್ಸು ತೊಟ್ಟಿಗಳಲ್ಲಿ ಬೆಳೆಯುತ್ತ ಹೋಗಿ ಕಡೆಗೆ ಸಾವಿರಾರು ಲೀಟರು ಹಾಲನ್ನು ಕೆಡಿಸಬಲ್ಲದು. ಹಾಲಿನ ಪಾಶ್ಚರೀಕರಣಕ್ಕೂ ಜಗ್ಗದ ಫೇಜುಗಳುಂಟು. ಆದುದರಿಂದಲೇ ಕಾರ್ಖಾನೆಗಳವರು ತೊಟ್ಟಿಗಳನ್ನು ಚೆನ್ನಾಗಿ ತೊಳೆಯಿಸಿ, ಹೆಪ್ಪಿನ ತಳಿಗಳನ್ನು ಸರದಿಯ ಮೇಲೆ ಬದಲಿಸುತ್ತಾರೆ.

ಬ್ಯಾಕ್ಟೀರಿಯಾಗಳೂ ಸುಮ್ಮನೆ ಸೋಲುವುದಿಲ್ಲ. ಮೊಸರಿನ ಒಂದು ಬ್ಯಾಕ್ಟೀರಿಯ ತನ್ನ ಮೇಲೆರಗಿದ ವೈರಸ್ಸಿನ ತುಣುಕೊಂದನ್ನು ತನ್ನ ವಂಶವಾಹಿಯಲ್ಲಿ ಸೇರಿಸಿಕೊಂಡು, ಮುಂದೆ ಅದೇ ಹಗೆ ಬಂದಾಗ ಗುರುತುಹಿಡಿದು ಕತ್ತರಿಸುತ್ತದೆಂದು 2007ರಲ್ಲಿ ಸಿದ್ಧವಾಯಿತು. ಇದೇ ಕ್ರಿಸ್ಪರ್. ಇದನ್ನು ವಂಶವಾಹಿ ತಿದ್ದುವ ಕತ್ತರಿಯನ್ನಾಗಿಸಿದ ಶಾರ್ಪಾಂಟಿಯೇ ಮತ್ತು ಡೌಡ್ನಾ ಅವರಿಗೆ 2020ರ ನೊಬೆಲ್ ಪಾರಿತೋಷಕ ಸಂದಿತು.

ಮನೆಯ ಹೆಪ್ಪಿಗಾದರೆ ಇಷ್ಟೊಂದು ಭಯವಿಲ್ಲ. ಹಾಲು ಚೆನ್ನಾಗಿ ಕುದಿಯುತ್ತದೆ. ಹೆಪ್ಪಿನಲ್ಲಿ ಹಲವು ತಳಿಗಳಿರುವುದರಿಂದ ಒಂದು ಅಳಿದರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಮೊಸರಾಗದಿದ್ದರೆ ಹಾಲು ಅತಿ ಬಿಸಿಯಿತ್ತೋ, ಆರಿ ತಣ್ಣಗಾಗಿತ್ತೋ, ಹಸುವಿಗೆ ಕೊಟ್ಟ ಔಷಧದ ಅಂಶ ಹಾಲಿಗೆ ಇಳಿದಿತ್ತೋ ಎಂದು ಮೊದಲು ನೋಡಬೇಕು. ಅದಾವುದೂ ಅಲ್ಲವೆಂದಾದರೆ ಪಾತ್ರೆಯನ್ನು ಕುದಿನೀರಿನಿಂದ ತೊಳೆದು, ಬೇರೊಂದು ಮನೆಯ ಹೆಪ್ಪನ್ನು ತರುವುದೇ ಸರಿಯಾದ ದಾರಿ. ಕಾರ್ಖಾನೆಯವರು ಲಕ್ಷಗಟ್ಟಲೆ ಹಣ ಸುರಿದು ಮಾಡುವುದೂ ಅದನ್ನೇ!