ಹೂವಿನಲ್ಲೇ ಮಾರಿದ ಮಾವು ಮತ್ತು ಪರದೆಯೊಳಗಿನ ಓಟದ ಕಾರು

ಕಳೆದ ತಿಂಗಳ ಒಂದು ಭಾನುವಾರ ಅಸರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ಯುವಕನೊಬ್ಬ ಬಂದು ಸಲಾಂ ಹೇಳಿದ. ಹತ್ತು ಹನ್ನೆರಡು ವರ್ಷಗಳ ಹಿಂದೆ ಚಿಂತಾಮಣಿಯ ನಮ್ಮ ಮಕ್ತಬ್‌ನಲ್ಲಿ ನನ್ನ ಬಳಿ ಕುರ್‌ಆನ್ ಓದಲು ಕಲಿತವನು. ಈಗ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿದ್ದಾನೆ. ತಂದೆ ಶಿಡ್ಲಘಟ್ಟದಲ್ಲಿ ರೀಲರ್. "ಹಜ್ರತ್, ಒಂದು ಮಸ್‌ಅಲ ಕೇಳಬೇಕಿತ್ತು" ಎಂದವನನ್ನು ಹೌಝಿನ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಮಾತು ನಮ್ಮ ಮನೆಯ ಉರ್ದುವಿನಲ್ಲಿ ನಡೆಯಿತು. ಅದರ ಸಾರವನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಮೊಬೈಲಿನಲ್ಲಿ ಆಡುವ ಒಂದು ಆಟವನ್ನು ಎರಡು ವರ್ಷಗಳಿಂದ ಕಟ್ಟುತ್ತಿದ್ದಾರೆ. ಆಡುವವನು ಕಾರು ಓಡಿಸುವುದಿಲ್ಲ. ಕಾರೋಟದ ತಂಡವೊಂದರ ಯಜಮಾನನಾಗಿರುತ್ತಾನೆ. ಚಾಲಕನನ್ನು ಆರಿಸಬೇಕು, ಇಂಜಿನ್ ತಿದ್ದಬೇಕು, ಮಳೆ ಬರುವ ಮುನ್ನ ಚಕ್ರ ಬದಲಿಸಬೇಕೋ ಬೇಡವೋ ಎಂದು ನಿರ್ಧರಿಸಬೇಕು. ಇಷ್ಟನ್ನು ಕೇಳಿದಾಗ ನನಗೆ ಆಕ್ಷೇಪಿಸುವಂಥದ್ದೇನೂ ಕಾಣಲಿಲ್ಲ. ಮುಂದಿನದೇ ಅವನ ನಿಜವಾದ ಪ್ರಶ್ನೆ. ಆಟದೊಳಗಿನ ಪ್ರತಿಯೊಂದು ಕಾರನ್ನೂ ಪ್ರತಿಯೊಬ್ಬ ಚಾಲಕನನ್ನೂ ಬ್ಲಾಕ್‌ಚೈನ್‌ನಲ್ಲಿ ದಾಖಲಾದ ಟೋಕನ್ ಆಗಿ ಮಾರುವುದು, ಆಡುವವರು ಅವನ್ನು ಪರಸ್ಪರ ಕೊಂಡು ಮಾರುವುದು, ಓಟಗಳಿಗೆ ಪ್ರವೇಶಶುಲ್ಕ ಕಟ್ಟಿ ಗೆದ್ದವನು ಒಟ್ಟು ಹಣವನ್ನು ಪಡೆಯುವುದು ಅವರ ಯೋಜನೆ. ಆಟ ಇನ್ನೂ ಅರ್ಧವಷ್ಟೇ ಆಗಿದೆ, ಕೈಯಲ್ಲಿದ್ದ ಹಣ ತೀರಿದೆ. ಆದ್ದರಿಂದ ಐನೂರು ಕಾರುಗಳನ್ನು ಮುಂಗಡವಾಗಿ ಮಾರಿಬಿಡೋಣವೆಂದು ಗೆಳೆಯರು ಹೇಳುತ್ತಿದ್ದಾರೆ. ನಮ್ಮದೇ ಮೊಹಲ್ಲಾದ ನಲವತ್ತು ಹುಡುಗರು ವಾಟ್ಸ್‌ಆಪ್ ಗುಂಪಿನಲ್ಲಿ ಹಣ ಕಟ್ಟಲು ಕಾದಿದ್ದಾರೆ. ಅದಾಗದಿದ್ದರೆ ತಂದೆ ಒಂದು ಸೈಟು ಮಾರಿ ಕೊಡುವುದಾಗಿ ಹೇಳಿದ್ದಾರೆ.

ನಾನು ಮುಫ್ತಿಯಲ್ಲ, ಮಕ್ಕಳಿಗೆ ಪಾಠ ಹೇಳುವವನು. ಫತ್ವಾ ಬೇಕಾದವರು ದಾರುಲ್ ಇಫ್ತಾಕ್ಕೆ ಹೋಗಬೇಕು. ಆದರೆ ಇಂಥ ಪ್ರಶ್ನೆಯನ್ನು ಮಿಂಬರಿನಿಂದ 'ಹರಾಮ್' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಕೇಳಲು ಬಂದವನು ಮತ್ತೆ ಬರುವುದಿಲ್ಲ. ಯೂಟ್ಯೂಬಿನಲ್ಲಿ ಯಾರೋ ಹೇಳಿದ ಉತ್ತರವನ್ನು ಹಿಡಿದು ಹೋಗುತ್ತಾನೆ. ಅದಕ್ಕಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲಿಗೆ, ಸ್ಪರ್ಧೆ ಎಂಬುದು ನಮ್ಮ ದೀನ್‌ಗೆ ಹೊರಗಿನದಲ್ಲ. ಪ್ರವಾದಿವರ್ಯರು(ಸ) ಮದೀನಾದಲ್ಲಿ ಕುದುರೆಗಳ ಓಟ ಏರ್ಪಡಿಸಿದ್ದನ್ನು ಅಬ್ದುಲ್ಲಾಹ್ ಇಬ್ನ್ ಉಮರ್(ರ) ವರದಿ ಮಾಡಿದ್ದಾರೆ. ಪಳಗಿಸಿ ಸಿದ್ಧಗೊಳಿಸಿದ ಕುದುರೆಗಳಿಗೆ ಹಫ್‌ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ ದೂರದ ಓಟ. ಉಳಿದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಸುಮಾರು ಒಂದು ಮೈಲಿ. ವರದಿಗಾರರೂ ಆ ಸ್ಪರ್ಧೆಯಲ್ಲಿದ್ದವರೇ. ಸಿದ್ಧತೆಗೆ ತಕ್ಕಂತೆ ಓಟದ ದೂರವನ್ನು ಬೇರೆಯಾಗಿಸಿದ ಈ ನ್ಯಾಯವನ್ನು ಗಮನಿಸಬೇಕು. ಆಯಿಶಾ(ರ) ಅವರೊಂದಿಗೆ ಪ್ರವಾದಿವರ್ಯರು(ಸ) ಓಟದ ಪಂದ್ಯ ಆಡಿದ್ದೂ, ಒಮ್ಮೆ ಅವರು ಗೆದ್ದು ಮತ್ತೊಮ್ಮೆ ಇವರು ಗೆದ್ದದ್ದೂ ನಮಗೆ ಗೊತ್ತಿರುವುದೇ. ಅದ್‌ಬಾ ಎಂಬ ಅವರ ಒಂಟೆಯನ್ನು ಯಾರೂ ಹಿಂದಿಕ್ಕಿರಲಿಲ್ಲ. ಒಬ್ಬ ಅಲೆಮಾರಿ ಅರಬನ ಎಳೆಯ ಒಂಟೆ ಅದನ್ನು ಹಿಂದಿಕ್ಕಿದಾಗ ಸಹಾಬಿಗಳಿಗೆ ಬೇಸರವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಕೆಳಗಿಳಿಸುವುದು ಅಲ್ಲಾಹನ ಕ್ರಮವೆಂದು ಪ್ರವಾದಿವರ್ಯರು(ಸ) ಅವರನ್ನು ಸಮಾಧಾನಪಡಿಸಿದರು. ಸೋಲನ್ನು ಹೀಗೆ ಸ್ವೀಕರಿಸಲು ಕಲಿಸಬಲ್ಲ ಆಟ ಮೊಬೈಲಿನಲ್ಲಿ ಬಂದರೆ ನನಗೇನೂ ತಕರಾರಿಲ್ಲ, ನಮಾಝಿನ ಹೊತ್ತನ್ನು ಅದು ನುಂಗದಿದ್ದರೆ.

ತಕರಾರು ಇರುವುದು ಬಹುಮಾನದ ಹಣ ಎಲ್ಲಿಂದ ಬರುತ್ತದೆ ಎಂಬಲ್ಲಿ. ನಮ್ಮ ಫಿಕ್ಹ್ ಗ್ರಂಥಗಳು ಓಟದ ಪಂದ್ಯದ ಬಗ್ಗೆ ಅಧ್ಯಾಯಗಳನ್ನೇ ಬರೆದಿವೆ. ಮೂರನೆಯವರೊಬ್ಬರು ಬಹುಮಾನ ಇಟ್ಟರೆ ಸರಿ. ಸ್ಪರ್ಧಿಗಳಲ್ಲಿ ಒಬ್ಬನೇ 'ನೀನು ಗೆದ್ದರೆ ಇಷ್ಟು ಕೊಡುತ್ತೇನೆ, ನಾನು ಗೆದ್ದರೆ ನೀನೇನೂ ಕೊಡಬೇಕಿಲ್ಲ' ಎಂದರೂ ಸರಿ. ಎಲ್ಲರೂ ಹಣವಿಟ್ಟು ಗೆದ್ದವನು ಬಾಚಿಕೊಂಡರೆ ಅದು ಮೈಸಿರ್, ಜೂಜು. ಇಬ್ಬರೂ ಹಣವಿಡುವ ಪಂದ್ಯ ಸಕ್ರಮವಾಗಬೇಕಾದರೆ ಏನನ್ನೂ ಪಣವಿಡದ, ಆದರೆ ನಿಜವಾಗಿ ಗೆಲ್ಲಬಲ್ಲ ಮೂರನೆಯ ಸ್ಪರ್ಧಿ ನಡುವೆ ಇರಬೇಕೆಂದು ಹನಫೀ, ಶಾಫಿಈ ವಿದ್ವಾಂಸರು ಹೇಳಿದರು. ಅವನಿಗೆ ಮುಹಲ್ಲಿಲ್ ಎಂದು ಹೆಸರು. ಅದೂ ಕುದುರೆ, ಒಂಟೆ, ಬಿಲ್ಲುಗಾರಿಕೆ, ಹನಫೀಗಳಲ್ಲಿ ಕಾಲೋಟ, ಇಂಥ ಕೆಲವಕ್ಕೆ ಮಾತ್ರ. ಪರದೆಯೊಳಗಿನ ಕಾರನ್ನು ಈ ಪಟ್ಟಿಗೆ ಸೇರಿಸಲು ನನಗೆ ಧೈರ್ಯವಿಲ್ಲ.

ಇಲ್ಲಿ ಹುಡುಗ ಕೇಳಿದ: "ಹಜ್ರತ್, ನಮ್ಮದು ಅದೃಷ್ಟದ ಆಟವಲ್ಲ, ಬುದ್ಧಿಯ ಆಟ. ಕೋರ್ಟೇ ಹಾಗೆ ಹೇಳುತ್ತದಲ್ಲ?" ಅವನ ಮಾತಿನಲ್ಲಿ ಹುರುಳಿತ್ತು. 1996ರಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ಕರೆಯಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ರದ್ದುಪಡಿಸಿದಾಗಲೂ ಕೌಶಲ, ಅದೃಷ್ಟಗಳ ವ್ಯತ್ಯಾಸವೇ ಮುಖ್ಯ ವಾದವಾಗಿತ್ತು. ಆದರೆ ಶರೀಅತ್ ಕೇಳುವ ಪ್ರಶ್ನೆ ಬೇರೆ. ಗೆದ್ದವನ ಕೈಗೆ ಬಂದ ಹಣ ಸೋತವನ ಜೇಬಿನದೋ ಅಲ್ಲವೋ ಎಂದು ಅದು ಕೇಳುತ್ತದೆ. ಬಿಲ್ಲುಗಾರಿಕೆಗಿಂತ ದೊಡ್ಡ ಕೌಶಲ ಯಾವುದಿದೆ? ಅಲ್ಲೂ ಇಬ್ಬರ ಪಣಕ್ಕೆ ನಿಯಮ ಹಾಕಿದರಲ್ಲ! 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈಗ ಈ ದಿಕ್ಕಿಗೇ ಬಂದಿದೆ. ಕೌಶಲವಿರಲಿ ಅದೃಷ್ಟವಿರಲಿ, ಹಣ ಗೆಲ್ಲುವ ನಿರೀಕ್ಷೆಯಿಂದ ಹಣವಿಟ್ಟು ಆಡುವ ಆಟ ನಿಷಿದ್ಧ. ಹಣವೆಂದರೆ ನೋಟು ಮಾತ್ರವಲ್ಲ. ಹಣ ತೆತ್ತು ಪಡೆದ, ಹಣವಾಗಿ ಬದಲಾಗಬಲ್ಲ ನಾಣ್ಯ, ಟೋಕನ್, ವಸ್ತುಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಅಂಥ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಹೋಗಿವೆ, ನಿಜ. ಆದರೂ ರೀಲರ್ ಒಬ್ಬನ ಮಗ ಇಂಥ ಕಾಯ್ದೆಯೆದುರು ತನ್ನ ತಂದೆಯ ಸೈಟನ್ನು ಒಡ್ಡಬಾರದು. ಪ್ರವೇಶಶುಲ್ಕದ ಓಟವನ್ನು ಕೈಬಿಡಲು ಅವನು ಹೆಚ್ಚು ವಾದಿಸದೆ ಒಪ್ಪಿದ.

ಹಾಗಾದರೆ ಟೋಕನ್? ಬ್ಲಾಕ್‌ಚೈನ್ ಎಂದರೇನೆಂದು ಅವನು ನನಗೆ ತಾಳ್ಮೆಯಿಂದ ವಿವರಿಸಿದ. ಲೆಕ್ಕದ ಪುಸ್ತಕವೊಂದರ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ, ಒಮ್ಮೆ ಬರೆದದ್ದನ್ನು ಒಬ್ಬರೇ ಅಳಿಸಲಾರರು. ಕೇಳಿ ನನಗೆ ಅಲ್ ಬಕರ ಅಧ್ಯಾಯದ ಸಾಲದ ಆಯತ್ ನೆನಪಾಯಿತು. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾದ ಅದು ವ್ಯವಹಾರವನ್ನು ಬರೆದಿಡುವುದರ, ಸಾಕ್ಷಿಗಳನ್ನು ಇಡುವುದರ ಬಗೆಗಿದೆ. ನಂಬಿಕಸ್ಥ ದಾಖಲೆಯನ್ನು ದೂರಲು ನಮಗೆ ಕಾರಣವಿಲ್ಲ. ಕ್ರಿಪ್ಟೋ ನಾಣ್ಯಗಳ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಈಜಿಪ್ಟಿನ ದಾರುಲ್ ಇಫ್ತಾ 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರವನ್ನು ನಿಷಿದ್ಧವೆಂದಿತು. ಇಂಡೋನೇಷ್ಯಾದ ಉಲಮಾ ಮಂಡಳಿ 2021ರ ನವೆಂಬರಿನಲ್ಲಿ ಕ್ರಿಪ್ಟೋವನ್ನು ಹಣವಾಗಿ ಬಳಸಬಾರದೆಂದಿತು. ಅದನ್ನು ಒಂದು ಬಗೆಯ ಸೊತ್ತೆಂದು ಒಪ್ಪುವವರೂ ಇದ್ದಾರೆ. ನಮ್ಮ ಸರ್ಕಾರ 2022ರ ಏಪ್ರಿಲ್‌ನಿಂದ ಅದರ ಲಾಭಕ್ಕೆ ಶೇಕಡಾ 30 ತೆರಿಗೆ ಹಾಕಿದೆ. ತೆರಿಗೆ ಹಾಕಿದ ಮಾತ್ರಕ್ಕೆ ಅದು ಸಕ್ರಮವಾಗದು ಎಂದೂ ಹೇಳಿದೆ. ಆ ಚರ್ಚೆ ಇಲ್ಲಿ ಬೇಡ.

ನನ್ನ ಚಿಂತೆ ದಾಖಲೆಯದ್ದಲ್ಲ, ಅದು ಸೂಚಿಸುವ ವಸ್ತುವಿನದು. ನಮ್ಮ ಕಡೆಯ ರೈತನಿಗೆ ಪಹಣಿಯ ಬೆಲೆ ಗೊತ್ತು. ಪಹಣಿಗೆ ಬೆಲೆ ಬಂದದ್ದು ಕಾಗದದಿಂದಲ್ಲ, ಹಿಂದೆ ಭೂಮಿ ಇರುವುದರಿಂದ. ಆಟದ ಕಾರಿನ ಟೋಕನ್ ಒಂದು ಪಹಣಿ. ಭೂಮಿ ಇರುವುದು ಆಟ ನಡೆಸುವವನ ಸರ್ವರಿನಲ್ಲಿ. ಅವನು ಸರ್ವರ್ ನಿಲ್ಲಿಸಿದ ದಿನ ಪಹಣಿ ಕೊಂಡವನ ಕೈಯಲ್ಲೇ ಇರುತ್ತದೆ, ಯಾರೂ ಅಳಿಸಲಾರದಂತೆ. ಭೂಮಿ ಮಾತ್ರ ಇರುವುದಿಲ್ಲ. ಇದು ನನ್ನ ಊಹೆಯಲ್ಲ. ಎಫ್1 ಡೆಲ್ಟಾ ಟೈಮ್ ಎಂಬ ಕಾರೋಟದ ಆಟವನ್ನು ಅನಿಮೋಕಾ ಬ್ರ್ಯಾಂಡ್ಸ್ ಎಂಬ ದೊಡ್ಡ ಕಂಪನಿ ಫಾರ್ಮುಲಾ ಒನ್ ಪರವಾನಗಿ ಪಡೆದು ತಂದಿತ್ತು. 2019ರ ಮೇ ತಿಂಗಳಲ್ಲಿ ಅದರ '1-1-1' ಎಂಬ ಕಾರು 415.9 ಈಥರ್‌ಗೆ, ಅಂದಿನ ಲೆಕ್ಕದಲ್ಲಿ 1,10,000 ಡಾಲರಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಪರವಾನಗಿ ಮುಂದುವರಿಯಲಿಲ್ಲ, 2022ರ ಮಾರ್ಚ್ 16ರಂದು ಆಟ ಮುಚ್ಚಿತು. ಕೊಂಡವರಿಗೆ ಕಂಪನಿಯು ತನ್ನ ಬೇರೆ ಆಟಗಳಲ್ಲಿ ಬದಲಿ ವಸ್ತುಗಳನ್ನು ಕೊಡಲು ಮುಂದಾಯಿತು, ಅದನ್ನೂ ಹೇಳಬೇಕು. ಆದರೆ ಅವರು ಕೊಂಡ ಕಾರಿಗೆ ಓಡಲು ರಸ್ತೆಯೇ ಉಳಿಯಲಿಲ್ಲ. ಅಷ್ಟು ದೊಡ್ಡ ಕಂಪನಿಯ ಮಾತೇ ಮೂರು ವರ್ಷ ನಿಲ್ಲಲಿಲ್ಲವಾದರೆ, ಬೆಂಗಳೂರಿನ ಬಾಡಿಗೆ ಕೋಣೆಯ ಮೂವರು ಹುಡುಗರು 'ಇದು ಶಾಶ್ವತವಾಗಿ ನಿಮ್ಮ ಸೊತ್ತು' ಎಂದು ಜಾಹೀರಾತು ಬರೆಯುವುದು ಯಾವ ನ್ಯಾಯ? ಸರಕಿನ ಕುಂದನ್ನು ಮರೆಮಾಚಿ ಮಾರುವುದಕ್ಕೆ ಫಿಕ್ಹ್‌ನಲ್ಲಿ ತದ್‌ಲೀಸ್ ಎನ್ನುತ್ತಾರೆ.

ಮುಂಗಡ ಮಾರಾಟ ಇದಕ್ಕಿಂತ ಕಠಿಣ. ಚಿಂತಾಮಣಿ, ಶ್ರೀನಿವಾಸಪುರದ ಮಾವಿನ ತೋಪುಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮರ ಹೂ ಬಿಟ್ಟೊಡನೆ ವ್ಯಾಪಾರಿ ಬಂದು ಇಡೀ ತೋಪಿನ ಫಸಲಿಗೆ ಬೆಲೆ ಕಟ್ಟುತ್ತಾನೆ. ಆಲಿಕಲ್ಲು ಬಿದ್ದರೆ, ಹೂ ಉದುರಿದರೆ ಜಗಳ. ಕೆಲವು ವರ್ಷ ಆ ಜಗಳ ಮಸೀದಿಯ ಜಮಾಅತ್ ಕಮಿಟಿಯವರೆಗೂ ಬಂದದ್ದನ್ನು ನಾನು ಕಂಡಿದ್ದೇನೆ. ಫಲ ಪಕ್ವವಾಗುವ ಲಕ್ಷಣ ಕಾಣುವ ಮುನ್ನ ಮಾರುವುದನ್ನು ಪ್ರವಾದಿವರ್ಯರು(ಸ) ತಡೆದರು. ಅಲ್ಲಾಹನು ಫಲವನ್ನೇ ತಡೆದರೆ ಸಹೋದರನ ಹಣವನ್ನು ಯಾವ ಆಧಾರದಿಂದ ಇಟ್ಟುಕೊಳ್ಳುವಿರಿ ಎಂದು ಕೇಳಿದರು. ಅರ್ಧವಾದ ಆಟದ ಐನೂರು ಕಾರುಗಳೂ ಹೂವಿನಲ್ಲೇ ಮಾರಿದ ಮಾವೇ. ಆಟ ಮುಗಿಯದಿದ್ದರೆ ಆ ನಲವತ್ತು ಹುಡುಗರ ಹಣ? ಅವರಲ್ಲಿ ಗ್ಯಾರೇಜಿನಲ್ಲಿ ದುಡಿಯುವವರಿದ್ದಾರೆ, ಟೊಮೆಟೊ ಮಂಡಿಯಲ್ಲಿ ಕ್ರೇಟು ಹೊರುವವರಿದ್ದಾರೆ. ಅವರು ಕೊಳ್ಳಲು ಹೊರಟಿರುವುದು ಆಡುವ ಆಸೆಯಿಂದಲ್ಲ, ನಾಳೆ ಇನ್ನೊಬ್ಬನಿಗೆ ಎರಡು ಪಟ್ಟಿಗೆ ಮಾರುವ ಆಸೆಯಿಂದ. ಇದನ್ನು ಹುಡುಗನೇ ಒಪ್ಪಿಕೊಂಡ.

ಆ ಆಸೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಆಕ್ಸಿ ಇನ್ಫಿನಿಟಿ ಆಟದ ಕಥೆ ಇದೆ. 2021ರಲ್ಲಿ, ಕೋವಿಡ್ ಕಾಲದಲ್ಲಿ, ಫಿಲಿಪ್ಪೀನ್ಸ್‌ನ ಅನೇಕ ಬಡವರು ಅದನ್ನು ಆಡಿ ಹೊಟ್ಟೆ ಹೊರೆದರು. ಆಟದ ಪ್ರಾಣಿಗಳನ್ನು ಕೊಳ್ಳಲಾಗದವರು ಹಣವಂತರಿಂದ ಪಡೆದು, ನಮ್ಮಲ್ಲಿ ಜಮೀನನ್ನು ವಾರಕ್ಕೆ ಮಾಡುವಂತೆ, ಗಳಿಕೆಯಲ್ಲಿ ಪಾಲು ಕೊಡುತ್ತಿದ್ದರು. ಹೊಸಬರ ಹಣ ಬರುವವರೆಗೆ ಎಲ್ಲವೂ ಚೆನ್ನಾಗಿತ್ತು. ಬರುವುದು ಕಡಿಮೆಯಾದಂತೆ ಆಟದಲ್ಲಿ ಗಳಿಸುವ ನಾಣ್ಯದ ಬೆಲೆ ಕುಸಿದು 2022ರಲ್ಲಿ ಒಂದು ಸೆಂಟಿಗಿಂತ ಕೆಳಗಿಳಿಯಿತು. ಅದೇ ವರ್ಷ ಮಾರ್ಚಿನಲ್ಲಿ ಆ ಆಟದ ಜಾಲದಿಂದ 60 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಕ್ರಿಪ್ಟೋ ಕಳವಾಯಿತು.

ಇಷ್ಟು ಹೇಳಿ ಅವನನ್ನು ಬರಿಗೈಯಲ್ಲಿ ಕಳಿಸಿದರೆ ನಾನೂ ಒಂದೇ ಪದದ ಫತ್ವಾ ಕೊಟ್ಟಂತೆ. ಶರೀಅತ್ ಮುಂಗಡ ಹಣಕ್ಕೆ ಬಾಗಿಲು ಮುಚ್ಚಿಲ್ಲ. ಸರಕಿನ ವಿವರ, ಪ್ರಮಾಣ, ಕೊಡುವ ದಿನ ಖಚಿತವಿದ್ದು ಪೂರ್ತಿ ಬೆಲೆ ಮೊದಲೇ ಪಡೆಯುವ ಸಲಮ್ ವ್ಯವಹಾರವಿದೆ. ತಯಾರಿಸಿ ಕೊಡುವ ಇಸ್ತಿಸ್ನಾಅ್ ಇದೆ. ಬಂಡವಾಳ ಒಬ್ಬನದು, ದುಡಿಮೆ ಒಬ್ಬನದು, ಲಾಭದಲ್ಲಿ ಪಾಲು ಎಂಬ ಮುದಾರಬ ಇದೆ. ತಂದೆ ಹಣ ಹಾಕುವುದಾದರೆ ಸೈಟು ಮಾರಿ ಅಲ್ಲ. ಕಳೆದುಕೊಂಡರೂ ಮನೆ ನಡೆಯುವಷ್ಟನ್ನು ಮಾತ್ರ, ಮುದಾರಬದ ಪತ್ರ ಬರೆದು. ಆಟವನ್ನು ಆಟವಾಗಿಯೇ ಒಂದು ಬೆಲೆಗೆ ಮಾರಿದವರೂ ಇದ್ದಾರೆ. ಇಂಗ್ಲೆಂಡಿನ ಕ್ರಿಶ್ಚಿಯನ್ ವೆಸ್ಟ್ ಇಂಥದ್ದೇ ಕಾರೋಟದ ತಂಡ ನಡೆಸುವ ಮೋಟರ್‌ಸ್ಪೋರ್ಟ್ ಮ್ಯಾನೇಜರ್ ಎಂಬ ಆಟವನ್ನು 2014ರಲ್ಲಿ ಮೊಬೈಲಿಗೆ ತಂದರು. ಎರಡು ವರ್ಷಗಳ ಬಳಿಕ ಅದು ಕಂಪ್ಯೂಟರಿಗೂ ಬಂತು. ಟೋಕನ್ ಇಲ್ಲ, ಹರಾಜಿಲ್ಲ. ಈ ಹೆಸರನ್ನು ನನಗೆ ಹೇಳಿದವನು ಹುಡುಗನೇ. ಕಂಪ್ಯೂಟರ್ ಆಟಗಳ ಅತಿ ದೊಡ್ಡ ಅಂಗಡಿಯಾದ ಸ್ಟೀಮ್ 2021ರ ಅಕ್ಟೋಬರಿನಿಂದ ಬ್ಲಾಕ್‌ಚೈನ್ ಆಟಗಳನ್ನು ಸೇರಿಸಿಕೊಳ್ಳುತ್ತಿಲ್ಲವೆಂಬುದನ್ನೂ ಅವನೇ, ಸ್ವಲ್ಪ ಸಂಕೋಚದಿಂದ, ಹೇಳಿದ. ತಿಳಿದಿದ್ದೂ ಯಾಕೆ ಆ ಕಡೆ ಹೋದಿರಿ ಎಂದೆ. "ಹಣ ಕೊಡುವವರು ಟೋಕನ್ ಇದೆಯಾ ಅಂತಲೇ ಮೊದಲು ಕೇಳುತ್ತಾರೆ ಹಜ್ರತ್" ಎಂದ. ಆ ಉತ್ತರಕ್ಕೆ ನನ್ನ ಬಳಿ ಮಾತಿರಲಿಲ್ಲ. ಎರಡು ವರ್ಷ ದುಡಿದ ಮಕ್ಕಳಿಗೆ ನಮ್ಮ ಸಮುದಾಯದ ಹಣವಂತರು ಒಂದು ಪ್ರಾಮಾಣಿಕ ಮುದಾರಬಕ್ಕೆ ಮುಂದೆ ಬಂದಿದ್ದರೆ ಅವರು ಈ ದಾರಿಯನ್ನು ನೋಡುತ್ತಲೇ ಇರಲಿಲ್ಲವೇನೋ. ಮದುವೆ ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯುವವರು ನಮ್ಮಲ್ಲಿ ಕಡಿಮೆಯಿಲ್ಲ.

ಹೊರಡುವ ಮುನ್ನ ಇನ್ನೊಂದು ಸಂಗತಿ ತಿಳಿದು ಅದನ್ನೂ ಬಿಡಿಸಬೇಕಾಯಿತು. ಮುಚ್ಚಿದ ಪೆಟ್ಟಿಗೆಯನ್ನು ನೂರು ರೂಪಾಯಿಗೆ ಮಾರುವುದು, ತೆರೆದಾಗ ಸಾಧಾರಣ ಚಾಲಕನೂ ಸಿಗಬಹುದು, ಅಪರೂಪದವನೂ ಸಿಗಬಹುದು. ಇದು ಗರರ್, ಗುಣ ತಿಳಿಯದ ವಸ್ತುವಿಗೆ ಬೆಲೆ ತೆರುವುದು. ನೀರಿನಲ್ಲಿರುವ ಮೀನನ್ನು ಮಾರುವುದಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಆಟದೊಳಗೆ ಮಳೆ ಯಾವಾಗ ಬರುತ್ತದೆಂಬ ಅನಿಶ್ಚಿತತೆ ಬೇರೆ. ಅದಕ್ಕೆ ಯಾರೂ ಹಣ ಕಟ್ಟಿಲ್ಲ.

ಮೊನ್ನೆ ಮತ್ತೆ ಬಂದಿದ್ದ. ಸೈಟು ಮಾರಿಲ್ಲ. ವಾಟ್ಸ್‌ಆಪ್ ಗುಂಪಿಗೆ 'ಈಗ ಹಣ ಬೇಡ' ಎಂದು ಬರೆದಿದ್ದಾನೆ. ನಾಲ್ಕೈದು ಹುಡುಗರು ಸಿಟ್ಟಾಗಿದ್ದಾರಂತೆ. ಗೆಳೆಯರಲ್ಲಿ ಒಬ್ಬ ಟೋಕನ್ ಬಿಡಲೊಪ್ಪದೆ ತಂಡ ತೊರೆದ. ಉಳಿದ ಇಬ್ಬರೂ ಹಗಲು ಬೇರೆ ಕೆಲಸ ಮಾಡಿ ರಾತ್ರಿ ಇದನ್ನು ಮುಗಿಸುವುದೆಂದು ತೀರ್ಮಾನಿಸಿದ್ದಾರೆ. ಮೊಬೈಲ್ ನನ್ನ ಕೈಗಿತ್ತು ಒಂದು ಓಟ ಆಡಿಸಿದ. ಮಳೆ ಬರುವುದಿಲ್ಲವೆಂದು ಚಕ್ರ ಬದಲಿಸದೆ ಕೂತೆ, ಹದಿನಾಲ್ಕನೆಯವನಾಗಿ ಮುಗಿಸಿದೆ. ಆಡುವವನೊಬ್ಬ ತನಗೆ ಬೇಸರವಾದಾಗ ತನ್ನ ಇಡೀ ತಂಡವನ್ನು ಇನ್ನೊಬ್ಬನಿಗೆ ಹಣಕ್ಕೆ ಕೊಡಬಹುದೇ ಎಂದು ಕೇಳಿದ್ದಾನೆ. ಆ ಪ್ರಶ್ನೆಯನ್ನು ಬರೆದು ಮುಫ್ತಿ ಸಾಹೇಬರಿಗೆ ಕಳಿಸಿದ್ದೇನೆ; ಉತ್ತರ ಬಂದ ಮೇಲೆ ಇಲ್ಲೇ ತಿಳಿಸುತ್ತೇನೆ, ಇನ್‌ಶಾ ಅಲ್ಲಾಹ್.